ಗಂಟಲು ನೋವಿಗೆ ಬೆರಳಿನ ರಕ್ತ ಪರೀಕ್ಷೆ ಸಾಕೇ?

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಎಂಟು ವರ್ಷದ ಮಗನಿಗೆ ಎರಡು ದಿನದಿಂದ ಜ್ವರ, ಗಂಟಲು ನೋವು. ಉಗುಳು ನುಂಗುವಾಗಲೂ ಅಳುತ್ತಾನೆ. ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ರಕ್ತ ತೆಗೆದು, ಐದೇ ನಿಮಿಷದಲ್ಲಿ ‘ಸಿಆರ್‌ಪಿ ಜಾಸ್ತಿ ಇದೆ, ಬ್ಯಾಕ್ಟೀರಿಯಾ ಸೋಂಕು’ ಎಂದು ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಇನ್ನೂ ಕೊಟ್ಟಿಲ್ಲ. ನನ್ನ ಮೈದುನ ‘ಎಎಸ್‌ಒ ಮಾಡಿಸ್ರಿ, ಅದೇ ಖಾತ್ರಿ’ ಅನ್ನುತ್ತಾನೆ. ಯಾವುದನ್ನು ನಂಬಬೇಕು?

ಉತ್ತರ: ತಾಯಿ, ಈ ಎರಡು ರಕ್ತ ಪರೀಕ್ಷೆಗಳಲ್ಲಿ ಯಾವುದೂ ಮಗುವಿನ ಗಂಟಲಲ್ಲಿ ಈಗ ಯಾವ ರೋಗಾಣು ಇದೆ ಎಂದು ಹೇಳುವುದಿಲ್ಲ.

ಸಿಆರ್‌ಪಿ ಎಂಬುದು ದೇಹದಲ್ಲಿ ಉರಿಯೂತವಾದಾಗ ಯಕೃತ್ತು ತಯಾರಿಸುವ ಪ್ರೋಟೀನು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಹೆಚ್ಚು ಏರುವುದು ನಿಜ. ಆದರೆ ಅಡಿನೋವೈರಸ್‌ನಂಥ ವೈರಸ್ ಬಂದಾಗಲೂ ಚೆನ್ನಾಗಿಯೇ ಏರುತ್ತದೆ. ಸೋಂಕಿನ ಮೊದಲ ಕೆಲವು ತಾಸು ಏರದೆಯೂ ಇರುತ್ತದೆ. ಬಿಳಿ ರಕ್ತಕಣಗಳ ಎಣಿಕೆಯದೂ ಇದೇ ಕಥೆ.

ಎಎಸ್‌ಒ ಇನ್ನೂ ದೂರದ ಮಾತು. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ (ಸ್ಟ್ರೆಪ್) ಎಂಬ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ಅದು. ಈ ರೋಗಾಣು ತಗುಲಿ ವಾರ ಕಳೆದ ಮೇಲೆ ಪ್ರತಿಕಾಯ ಏರತೊಡಗಿ, 3ರಿಂದ 5 ವಾರಕ್ಕೆ ತುದಿ ಮುಟ್ಟುತ್ತದೆ. ಇವತ್ತು ಜಾಸ್ತಿ ಬಂದರೆ ಅದು ಹೋದ ತಿಂಗಳ ಸೋಂಕಿನದೂ ಆಗಿರಬಹುದು. ಕೀಲು ಬಾತು ರುಮ್ಯಾಟಿಕ್ ಜ್ವರದ (ಸ್ಟ್ರೆಪ್ ಸೋಂಕಿನ ನಂತರ ಕೀಲು, ಹೃದಯಕ್ಕೆ ತಗಲುವ ಕಾಯಿಲೆ) ಅನುಮಾನ ಬಂದಾಗ ಅದು ಬೇಕು. ಬರೀ ಆ ಒಂದು ರಿಪೋರ್ಟ್ ಹಿಡಿದುಕೊಂಡು ಗಟ್ಟಿಮುಟ್ಟಾದ ಮಕ್ಕಳಿಗೆ ತಿಂಗಳುಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಕೊಡಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮಗುವಿಗೆ ಕೆಮ್ಮು, ಮೂಗು ಸೋರುವುದು, ದನಿ ಒಡೆದಿರುವುದು ಇದ್ದರೆ ಬಹುಪಾಲು ವೈರಸ್ಸೇ. ಪರೀಕ್ಷೆಯೂ ಬೇಡ, ಆ್ಯಂಟಿಬಯಾಟಿಕ್ಕೂ ಬೇಡ. ಕೆಮ್ಮಿಲ್ಲದೆ ಜೋರು ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು ಇದ್ದರೆ ಗಂಟಲಿನ ಸ್ವಾಬ್ ಮಾಡಿಸಿ. ಹತ್ತಿಯ ಕಡ್ಡಿಯನ್ನು ನಾಲಿಗೆ, ಕೆನ್ನೆಗೆ ತಾಗಿಸದೆ ಎರಡೂ ಟಾನ್ಸಿಲ್‌ಗೆ, ಹಿಂದಿನ ಗೋಡೆಗೆ ಒತ್ತಿ ಒರೆಸಬೇಕು. ಮಗು ಓಕರಿಸುತ್ತದೆ, ಕ್ಷಣದ ಮಾತು. ರ‍್ಯಾಪಿಡ್ ಕಿಟ್‌ನಲ್ಲಿ ಸ್ಟ್ರೆಪ್ ಇದೆಯೇ ಎಂದು 5-10 ನಿಮಿಷಕ್ಕೆ ಉತ್ತರ ಬರುತ್ತದೆ. ಪಾಸಿಟಿವ್ ಬಂದರೆ ನಂಬಬಹುದು. ಮಕ್ಕಳಲ್ಲಿ ನೆಗೆಟಿವ್ ಬಂದರೆ, ಅಥವಾ ಕಿಟ್ ಸಿಗದಿದ್ದರೆ, ಕಲ್ಚರ್ (ಸ್ವಾಬ್‌ನಲ್ಲಿ ಸಿಕ್ಕ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕು. ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜೇ ಇದೆ, ಅಲ್ಲಿ ವಿಚಾರಿಸಿ. ರಿಪೋರ್ಟಿಗೆ ಒಂದೆರಡು ದಿನ ಹಿಡಿಯುತ್ತದೆ. ಕಾದರೆ ಹೃದಯಕ್ಕೆ ತೊಂದರೆಯಾದೀತೆಂಬ ಭಯ ಬೇಡ: ನೋವು ಶುರುವಾದ 9 ದಿನದೊಳಗೆ ಔಷಧ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಡೆಯಬಹುದು.

ಸ್ಟ್ರೆಪ್ ಎಂದು ಖಚಿತವಾದರೆ ಮಾತ್ರ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಪೂರ್ತಿ 10 ದಿನ ಕೊಡಿ. ಮೂರನೇ ದಿನ ಆಡಲು ಓಡಿದನೆಂದು ನಿಲ್ಲಿಸಬೇಡಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಸ್ವಾಬ್ ಮಾತ್ರ ಮೊದಲ ಡೋಸ್‌ಗಿಂತ ಮುಂಚೆ ಆಗಬೇಕು, ಆಮೇಲೆ ತೆಗೆದರೆ ರೋಗಾಣು ಸಿಗದೇ ಹೋಗಬಹುದು. ಹಾಗಾಗಿ ನಾಳೆ ಬೆಳಿಗ್ಗೆಯೇ ಅದೇ ವೈದ್ಯರನ್ನು ಕಂಡು ಕೇಳಿ. ಆದರೆ ಬಾಯಿ ತೆರೆಯಲಾಗದೆ ಜೊಲ್ಲು ಸುರಿಸುತ್ತಿದ್ದರೆ, ಉಸಿರಾಡುವಾಗ ಸದ್ದು ಬಂದರೆ, ನೀರೂ ಇಳಿಯದಿದ್ದರೆ ಬೆಳಗಾಗುವವರೆಗೆ ಕಾಯದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.