ದಿನವಿಡೀ ವೆಬ್‌ಸೈಟ್ ಕಟ್ಟುವವರಿಗೆ ಇಂಟರ್ನೆಟ್‌ನಲ್ಲಿ ನಗು ಬರುವಂಥದ್ದು ಏನಾದರೂ ಉಳಿದಿದೆಯಾ?

"ವೆಬ್ ಡಿಸೈನರ್‌ಗಳಿಗೆ ಇಂಟರ್ನೆಟ್ ನೋಡಿದರೆ ನಗು ಬರುತ್ತದಾ, ಇಲ್ಲಾ ಬರೀ ತಲೆನೋವಾ?" ಅಂತ ಕೇಳಿದ್ದೀರಿ. ತಲೆನೋವು ಇದ್ದೇ ಇದೆ. ಆದರೆ ನಗುವುದಕ್ಕೂ ಬೇಕಾದಷ್ಟಿದೆ.

ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನಗೆ ಜಾಸ್ತಿ ನಗು ಬರುವುದು ಒಂದು ವಿಷಯಕ್ಕೆ. ಯಾರೋ ಸುಮ್ನೆ ತಮಾಷೆಗೆ ಮಾಡಿದ್ದು, ಅವಸರದಲ್ಲಿ ತಪ್ಪಾಗಿ ಬರೆದದ್ದು, "ಸದ್ಯಕ್ಕೆ ಇರಲಿ" ಅಂತ ಇಟ್ಟಿದ್ದು ಇಲ್ಲಿ ಕಾನೂನಾಗಿ ಕೂತುಬಿಡುತ್ತದೆ. ಆಮೇಲೆ ಪ್ರಪಂಚವೆಲ್ಲ ಅದನ್ನೇ ಗಂಭೀರವಾಗಿ ಪಾಲಿಸಬೇಕು.

ಒಂದು ಕಾಗುಣಿತದ ತಪ್ಪು ನೋಡಿ. ನೀವು ಲಿಂಕ್ ಒತ್ತಿ ಒಂದು ಸೈಟಿನಿಂದ ಇನ್ನೊಂದಕ್ಕೆ ಹೋದಾಗ, ಎಲ್ಲಿಂದ ಬಂದಿರಿ ಅಂತ ಬ್ರೌಸರ್ ಹೊಸ ಸೈಟಿಗೆ ಹೇಳುತ್ತದೆ. ಆ ಸಾಲಿನ ಹೆಸರು 'ರೆಫರರ್'. ಇಂಗ್ಲಿಷ್‌ನಲ್ಲಿ ಅದರ ನಡುವೆ 'ಆರ್' ಎರಡು ಸಲ ಬರಬೇಕು. ನಿಯಮ ಬರೆದವರು ಒಂದನ್ನು ನುಂಗಿಬಿಟ್ಟರು. ಗೊತ್ತಾಗುವ ಹೊತ್ತಿಗೆ ಎಲ್ಲರೂ ಅದನ್ನೇ ಬಳಸುತ್ತಿದ್ದರು. 1996ರಲ್ಲಿ ಎಚ್‌ಟಿಟಿಪಿಯ, ಅಂದರೆ ಬ್ರೌಸರ್ ಮತ್ತು ಸೈಟ್ ಮಾತಾಡಿಕೊಳ್ಳುವ ಭಾಷೆಯ, ನಿಯಮಗಳು ಪ್ರಕಟವಾದಾಗ ತಪ್ಪೂ ಜೊತೆಗೇ ಅಚ್ಚಾಯಿತು. ತಮಾಷೆ ಏನೆಂದರೆ, ಮುಂದೆ ಬಂದ 'ರೆಫರರ್ ಪಾಲಿಸಿ' ಎನ್ನುವ ಇನ್ನೊಂದು ಸಾಲಿನಲ್ಲಿ ಕಾಗುಣಿತ ಸರಿಯಾಗಿದೆ. ಅಂದರೆ ಒಂದೇ ಪದವನ್ನು ಒಂದು ಕಡೆ ತಪ್ಪಾಗಿ, ಇನ್ನೊಂದು ಕಡೆ ಸರಿಯಾಗಿ ಬರೆಯಬೇಕು. ನಾನು ಇವತ್ತಿಗೂ ಎಡವುತ್ತೇನೆ. ತಪ್ಪನ್ನು ಸರಿಯಾಗಿ ಬರೆಯಲು ಬರುವುದಿಲ್ಲ ನನಗೆ.

ಇನ್ನು ಬ್ಲಿಂಕ್ ಟ್ಯಾಗ್. ಹಳೇ ಸೈಟ್‌ಗಳಲ್ಲಿ "ಹೊಸದು! ಹೊಸದು!" ಅಂತ ಅಕ್ಷರಗಳು ಮಿಣುಕು ಹುಳದ ಹಾಗೆ ಹೊತ್ತಿ ಆರುತ್ತಿದ್ದವಲ್ಲ, ಅದೇ. ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಲೂ ಮೊಂಟುಲ್ಲಿ ಇದರ ಕತೆ ಹೇಳಿಕೊಂಡಿದ್ದಾರೆ. 1994ರಲ್ಲಿ ಒಂದು ಸಂಜೆ ಬಾರ್‌ನಲ್ಲಿ ಕೂತು ಹೊಸ ಬ್ರೌಸರ್ ಬಗ್ಗೆ ಹರಟುತ್ತಿದ್ದರಂತೆ. ಅವರೇ ಹಿಂದೆ ಬರೆದಿದ್ದ ಲಿಂಕ್ಸ್ ಎಂಬ ಬ್ರೌಸರ್ ಬರೀ ಅಕ್ಷರ ತೋರಿಸುವಂಥದ್ದು. ಇಷ್ಟೆಲ್ಲ ಹೊಸ ಅಲಂಕಾರದಲ್ಲಿ ಅದಕ್ಕೆ ಮಾಡಲು ಬರುವುದು ಅಕ್ಷರ ಮಿಣುಕಿಸುವುದೊಂದೇ ಅಂತ ನಗಾಡಿದರು. ಬೆಳಿಗ್ಗೆ ಆಫೀಸಿಗೆ ಬಂದು ನೋಡಿದರೆ ಜೊತೆಯಲ್ಲಿದ್ದ ಒಬ್ಬ ಎಂಜಿನಿಯರ್ ರಾತ್ರಿಯೆಲ್ಲ ಕೂತು ಅದನ್ನು ಮಾಡಿಯೇ ಬಿಟ್ಟಿದ್ದರು! ಆ ಹರಟೆ ನೆಟ್‌ಸ್ಕೇಪ್ ವಂಶದ ಫೈರ್‌ಫಾಕ್ಸ್ ಬ್ರೌಸರ್‌ನಿಂದ ಹೊರಗೆ ಹೋಗಿದ್ದು 2013ರಲ್ಲಿ. ನಡುವೆ ಎಷ್ಟು ಕಣ್ಣುಗಳು ನೊಂದವೋ.

ಇದೇ ಮೊಂಟುಲ್ಲಿ ಅದೇ ವರ್ಷ ಇನ್ನೊಂದು ಕೆಲಸ ಮಾಡಿದರು. ಕುಕೀ ಕಂಡುಹಿಡಿದರು. ಬ್ರೌಸರ್ ಮತ್ತು ಸೈಟ್ ನಡುವಿನ ಮಾತಿಗೆ ನೆನಪು ಅನ್ನುವುದೇ ಇರಲಿಲ್ಲ. ಪುಟ ಬದಲಾದರೆ ನೀವು ಯಾರೋ ಹೊಸಬರು. ಆನ್‌ಲೈನ್ ಅಂಗಡಿಯಲ್ಲಿ ಬುಟ್ಟಿಗೆ ಹಾಕಿದ್ದನ್ನು ನೆನಪಿಡಲು ಒಂದು ಚೀಟಿ ಬೇಕಿತ್ತು, ಅದೇ ಕುಕೀ. ಆಮೇಲೆ ಜಾಹೀರಾತಿನವರು ಆ ಚೀಟಿ ಹಿಡಿದು ನಮ್ಮ ಹಿಂದೆ ಬಿದ್ದರು. ಅದಕ್ಕೆ ಯುರೋಪ್‌ನಲ್ಲಿ ಕಾನೂನು ಬಂತು. 2018ರ ಮೇ 25ರಿಂದ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಯಾದ ಮೇಲಂತೂ "ನಿಮ್ಮ ಖಾಸಗಿತನ ನಮಗೆ ಮುಖ್ಯ" ಎಂಬ ಫಲಕ ಎಲ್ಲೆಲ್ಲೂ ಎದ್ದಿತು. ಖಾಸಗಿತನ ಅಷ್ಟು ಮುಖ್ಯವಾದರೆ ಕೆಳಗೆ ಇನ್ನೂರು ಮುನ್ನೂರು ಪಾಲುದಾರರ ಪಟ್ಟಿ ಯಾಕೆ ಅಂತ ಮಾತ್ರ ಕೇಳಬಾರದು.

ಈ ಫಲಕಗಳನ್ನು ಮಾಡುವವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ. ಒಂದು ಮೀಟಿಂಗ್‌ನಲ್ಲಿ "ಒಪ್ಪಿದೆ" ಬಟನ್ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಇರಲಿ, "ಬೇಡ" ಅನ್ನುವುದು ಬೂದು ಬಣ್ಣದಲ್ಲಿ ಸಣ್ಣಗೆ ಇರಲಿ ಅಂದರು. ಎರಡೂ ಒಂದೇ ಅಳತೆ ಇರಬೇಕು ಅಂತ ನಾನು ಮುಕ್ಕಾಲು ಗಂಟೆ ವಾದ ಮಾಡಿದೆ. ಕೊನೆಗೆ ಗೆದ್ದೆ. ಅದೇ ಖುಷಿಯಲ್ಲಿ ಹೊರಗೆ ಬಂದು ಫೋನ್ ತೆಗೆದೆ, ಸುದ್ದಿ ಓದಲು ಒಂದು ಸೈಟ್‌ಗೆ ಹೋದೆ, ಎದ್ದು ನಿಂತ ಫಲಕದಲ್ಲಿ ಹಸಿರು ಬಟನ್ ಒತ್ತಿದೆ. ಒಂದಕ್ಷರ ಓದಲಿಲ್ಲ.

ಸೇವ್ ಬಟನ್ ಮೇಲಿನ ಹಳೇ ಕಾಲದ ಫ್ಲಾಪಿ ಡಿಸ್ಕ್ ಚಿತ್ರದ ಬಗ್ಗೆ ಎಲ್ಲರೂ ಜೋಕ್ ಮಾಡಿ ಮುಗಿಸಿದ್ದಾರೆ, ನಾನು ಮತ್ತೆ ಶುರು ಮಾಡುವುದಿಲ್ಲ. ಒಂದೇ ಮಾತು: ಒಮ್ಮೆ ಅದನ್ನು ತೆಗೆದು ಕೆಳಮುಖದ ಬಾಣ ಹಾಕಿದ್ದೆ. "ಸೇವ್ ಎಲ್ಲಿ?" ಅಂತ ಫೋನ್ ಮೇಲೆ ಫೋನ್ ಬಂತು. ಎರಡನೇ ದಿನ ಫ್ಲಾಪಿ ವಾಪಸ್.

ಸೈಟ್ ಬ್ರೌಸರ್‌ಗೆ ಕೊಡುವ ಉತ್ತರದ ಸಂಖ್ಯೆಗಳಲ್ಲಿ 404 ಎಲ್ಲರಿಗೂ ಗೊತ್ತು, ಪುಟ ಸಿಗಲಿಲ್ಲ ಅಂತ. 418 ಗೊತ್ತಾ? "ನಾನು ಟೀಪಾಟ್" ಅಂತ ಅದರ ಅರ್ಥ. 1998ರ ಏಪ್ರಿಲ್ 1ರಂದು, ಇಂಟರ್ನೆಟ್ ನಿಯಮಗಳು ಪ್ರಕಟವಾಗುವ ಸಾಲಿನಲ್ಲೇ, ನೆಟ್‌ವರ್ಕ್ ಮೂಲಕ ಕಾಫಿ ಪಾತ್ರೆಗಳನ್ನು ನಡೆಸುವ ನಿಯಮಾವಳಿ ಒಂದನ್ನು ಪ್ರಕಟಿಸಿದರು. ಟೀಪಾಟ್‌ಗೆ ಕಾಫಿ ಮಾಡು ಅಂದರೆ ಅದು 418 ಅನ್ನಬೇಕಂತೆ. ಏಪ್ರಿಲ್ ಫೂಲ್ ಅಷ್ಟೇ. ಆದರೆ ಪ್ರೋಗ್ರಾಮರ್‌ಗಳು ಬಿಡಬೇಕಲ್ಲ, ನಿಜವಾದ ಸರ್ವರ್‌ಗಳಲ್ಲೂ ಅದನ್ನು ತುರುಕಿದರು. 2022ರಲ್ಲಿ ಎಚ್‌ಟಿಟಿಪಿ ನಿಯಮಗಳನ್ನು ಹೊಸದಾಗಿ ಬರೆದಾಗ 418ರ ಎದುರು ಹೀಗೊಂದು ಅರ್ಥದ ಮಾತು ಸೇರಿಸಬೇಕಾಯಿತು: ತಮಾಷೆಗೆ ಇದನ್ನು ಎಷ್ಟು ಜನ ಬಳಸಿಬಿಟ್ಟಿದ್ದಾರೆಂದರೆ, ಇನ್ನು ಬೇರೆ ಯಾವ ಕೆಲಸಕ್ಕೂ ಇದು ಬರುವುದಿಲ್ಲ, ಹಾಗಾಗಿ ಎತ್ತಿಟ್ಟಿದ್ದೇವೆ. ಇಷ್ಟು ಸುಸ್ತಾದ ಅಧಿಕೃತ ವಾಕ್ಯವನ್ನು ನಾನು ಇನ್ನೆಲ್ಲೂ ಓದಿಲ್ಲ.

ಈಗ ನನಗೆ ತುಂಬಾ ಇಷ್ಟವಾದದ್ದಕ್ಕೆ ಬರುತ್ತೇನೆ. ಅದು ನಮ್ಮ 'ಠ'.

ಶಾಲೆಯಲ್ಲಿ "ಠ ಠಸ್ಸೆ" ಅಂತ ಬಾಯಿಪಾಠ ಮಾಡಿದ್ದೆವು. ಆ ಠಸ್ಸೆ ಎನ್ನುವುದನ್ನು ನಾನು ಆಮೇಲೆ ಎಲ್ಲೂ ಬಳಸಿದ ನೆನಪಿಲ್ಲ. ಪಾಠ, ಹಠ, ಕಂಠ ಬಿಟ್ಟರೆ ಪಾಪ ಆ ಅಕ್ಷರಕ್ಕೆ ಕೆಲಸವೂ ಕಡಿಮೆ. ಆದರೆ ಪ್ರಪಂಚದ ಲಿಪಿಗಳ ಅಕ್ಷರಗಳಿಗೆಲ್ಲ ಕಂಪ್ಯೂಟರ್‌ನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ, 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಒಂದು ಕೇರಿ ಸಿಕ್ಕಿತು, ಈಗ ಅದರಲ್ಲಿ 128 ಮನೆಗಳಿವೆ. ಅದರಲ್ಲೊಂದು ಮನೆ ಠನದ್ದು. ಕನ್ನಡದ ಗಂಧವೇ ಇಲ್ಲದ ಯಾರೋ ಆ ಕೇರಿಯಲ್ಲಿ ಓಡಾಡುತ್ತಾ ಅದನ್ನು ನೋಡಿದ್ದಾರೆ. ದುಂಡು ಕಣ್ಣು, ಒಳಗೊಂದು ಗುಡ್ಡೆ, ಮೇಲೆ ಹುಬ್ಬು. ಹುಬ್ಬು ಅಂದರೆ ನಮ್ಮ ತಲೆಕಟ್ಟು! ಎರಡು ಠ ತಂದು ನಡುವೆ ಒಂದು ಗೆರೆ ಎಳೆದರು:

ಠ_ಠ

"ಏನಿದು ನಿನ್ನ ಅವತಾರ" ಅಂತ ನೋಡುವ ಮುಖ. ಇಂಗ್ಲಿಷ್ ಮಾತಾಡುವವರು ಇದನ್ನು 'ಅಸಮಾಧಾನದ ನೋಟ' ಅಂತ ಕರೆಯುತ್ತಾರೆ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ ತಮಾಷೆಯ ಮಾತಿಗೆ ಗುರುತಾಗಿ ಹಾಕಿ ಅಂತ ಕೊಟ್ಟ :-) ನೋಡಬೇಕಾದರೆ ಕತ್ತು ವಾಲಿಸಬೇಕು. ನಮ್ಮ ಠನಿಗೆ ಆ ಕಷ್ಟ ಇಲ್ಲ, ನೆಟ್ಟಗೆ ಕಣ್ಣಿಗೆ ಕಣ್ಣಿಟ್ಟು ನೋಡುತ್ತದೆ. ನಾವು ಹಠಕ್ಕೂ ಪಾಠಕ್ಕೂ ಮಾತ್ರ ಇಟ್ಟುಕೊಂಡಿದ್ದ ಅಕ್ಷರ ಪ್ರಪಂಚವನ್ನೆಲ್ಲ ಗದರಿಸಿಕೊಂಡು ಬಂತು.

ಹೊರಗೆ ಇಷ್ಟು ಮೆರೆದ ಕನ್ನಡ ಅಕ್ಷರಗಳಿಗೆ ವೆಬ್ ಪುಟದೊಳಗೆ ಏನು ಗತಿ ಆಗುತ್ತದೆ ಅಂತಲೂ ಹೇಳಬೇಕು. ಇಂಗ್ಲಿಷ್‌ಗೆ ಅಂತ ಮಾಡಿದ ಟೆಂಪ್ಲೇಟ್‌ನಲ್ಲಿ ಬಟನ್‌ನ ಎತ್ತರ ಬಿಗಿಯಾಗಿರುತ್ತದೆ, ಹೊರಗೆ ಬಂದದ್ದನ್ನು ಕತ್ತರಿಸು ಅಂತಲೂ ಬರೆದಿರುತ್ತಾರೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? "ಇನ್ನಷ್ಟು ಓದಿ" ಅಂತ ಬರೆದೆ. ಪರದೆಯಲ್ಲಿ "ಇನಷು ಓದಿ" ಅಂತ ಬಂತು. ಸಾಲಿನ ಎತ್ತರ 1.2 ಇದ್ದದ್ದನ್ನು 1.6 ಮಾಡಿ, ಕತ್ತರಿಸುವ ಸಾಲನ್ನು ಅಳಿಸಿದ ಮೇಲೆ ಒತ್ತುಗಳು ನೀರಿನಿಂದ ಕಾಲು ಹೊರಗೆ ತೆಗೆದ ಹಾಗೆ ಒಂದೊಂದೇ ಕಾಣಿಸಿದವು. ಈ ಕೆಲಸವನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ.

ಕೊನೆಗೆ ನನ್ನದೇ ಒಂದು ಮಾನಹಾನಿ. ಡಿಸೈನ್ ತೋರಿಸುವಾಗ ನಿಜವಾದ ಬರಹ ಕೈಗೆ ಬಂದಿರುವುದಿಲ್ಲ. ಇಂಗ್ಲಿಷ್ ಡಿಸೈನರ್‌ಗಳು ಆ ಜಾಗಕ್ಕೆ 'ಲೋರೆಮ್ ಇಪ್ಸಮ್' ಸುರಿಯುತ್ತಾರೆ. ಅದು ಪ್ರಾಚೀನ ರೋಮ್‌ನ ಸಿಸೆರೊ ಕ್ರಿಸ್ತಪೂರ್ವ 45ರಲ್ಲಿ ಬರೆದ ಲ್ಯಾಟಿನ್ ಪುಸ್ತಕದ ತುಂಡುಗಳನ್ನು ಕಲಸಿ ಮಾಡಿದ್ದು. ಎರಡು ಸಾವಿರ ವರ್ಷ ಹಳೆಯ ತತ್ತ್ವಶಾಸ್ತ್ರ ಈಗ ಜಾಗ ತುಂಬುವ ಕೆಲಸದಲ್ಲಿದೆ. ಕನ್ನಡಕ್ಕೆ ಹಾಗೆ ಒಂದು ಇರಲಿ ಅಂತ ನಾನೇ ಬರೆದುಕೊಂಡಿದ್ದೆ: "ಇಲ್ಲಿ ಏನೋ ಒಂದು ಬರುತ್ತದೆ. ಚೆನ್ನಾಗಿಯೇ ಇರುತ್ತದೆ. ಯಾರೂ ಓದುವುದಿಲ್ಲ ಬಿಡಿ." ಇದನ್ನೇ ಮತ್ತೆ ಮತ್ತೆ ಅಂಟಿಸಿ ಪುಟ ತುಂಬಿಸುತ್ತಿದ್ದೆ.

ಒಂದು ಸೈಟ್‌ನ "ನಮ್ಮ ಬಗ್ಗೆ" ಪುಟದಲ್ಲಿ ಅದನ್ನು ತೆಗೆಯಲು ಮರೆತೆ. ಸೈಟ್ ಶುರುವಾಯಿತು. ಮೂರು ವಾರ ಆ ಮೂರು ವಾಕ್ಯ ಅಲ್ಲೇ ಇದ್ದವು. ಸೈಟ್‌ನ ಮಾಲೀಕರು ನೋಡಲಿಲ್ಲ, ಅವರ ಸಿಬ್ಬಂದಿ ನೋಡಲಿಲ್ಲ, ನಾನಂತೂ ಆ ಕಡೆ ತಲೆ ಹಾಕಿರಲಿಲ್ಲ. ನಾಲ್ಕನೇ ವಾರ ಆ ಸೈಟ್‌ನ ಸಂಪರ್ಕ ಫಾರ್ಮ್ ಮೂಲಕ ಒಂದು ಸಂದೇಶ ಬಂತು. ಯಾರೋ ಅಪರಿಚಿತರು. ಮಾಲೀಕರು ಏನೂ ಅರ್ಥವಾಗದೆ ನನಗೆ ಕಳಿಸಿಕೊಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ:

"ನಾನು ಓದಿದೆ. ಠ_ಠ"