ಇಂದು ರಾತ್ರಿ ಎಷ್ಟು ಡಿಗ್ರಿಗೆ ಇಳಿದೀತು?

ಪ್ರಶ್ನೆ: ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಇದೆ. ಜನವರಿಯಲ್ಲಿ ರಾತ್ರಿ ಉಷ್ಣಾಂಶ ಒಂದಂಕಿಗೆ ಇಳಿದರೆ ಕಾಯಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೊಬೈಲ್ ಆ್ಯಪ್ 12 ಡಿಗ್ರಿ ಅಂದ ದಿನ ತೋಟದ ಥರ್ಮಾಮೀಟರ್ 9 ತೋರಿಸುತ್ತದೆ. ಸಂಜೆಯೇ ನಾವೇ ಅಂದಾಜು ಮಾಡಬಹುದೇ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ಮೊದಲು ಥರ್ಮಾಮೀಟರ್ ನೋಡಿ. ಬಯಲಲ್ಲಿ ತೂಗುಹಾಕಿದ್ದರೆ ಅದೇ ಆಕಾಶಕ್ಕೆ ಶಾಖ ಬಿಟ್ಟು ಗಾಳಿಗಿಂತ ಕಡಿಮೆ ತೋರಿಸುತ್ತದೆ. ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇಡಿ. ಪುಡಿ ಮಂಜುಗಡ್ಡೆ ಬೆರೆಸಿದ ನೀರಲ್ಲಿ ಅದ್ದಿದರೆ 0 ತೋರಿಸಬೇಕು. ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಆಶ್ಚರ್ಯವಿಲ್ಲ: ಆ್ಯಪ್ ಹೇಳುವುದು ಹಲವು ಕಿಲೋಮೀಟರ್ ಚೌಕದ ಲೆಕ್ಕ, ತಣ್ಣನೆಯ ಗಾಳಿಯೋ ತಗ್ಗು ಹುಡುಕಿ ನಿಲ್ಲುತ್ತದೆ.

ಸೂರ್ಯ ಮುಳುಗಿ ಎರಡು ಗಂಟೆಗೆ, ಅಂದರೆ ನಿಮ್ಮಲ್ಲಿ ಜನವರಿಯ ರಾತ್ರಿ ಸುಮಾರು 8ಕ್ಕೆ, ಉಷ್ಣಾಂಶ ಮತ್ತು ಗಾಳಿಯ ಶೇಕಡಾವಾರು ತೇವಾಂಶ ಬರೆದುಕೊಳ್ಳಿ. 100ರಲ್ಲಿ ತೇವಾಂಶ ಕಳೆದು 5ರಿಂದ ಭಾಗಿಸಿ. ಬಂದದ್ದನ್ನು ಉಷ್ಣಾಂಶದಲ್ಲಿ ಕಳೆದರೆ ಇಬ್ಬನಿ ಬಿಂದು, ಅಂದರೆ ಇಬ್ಬನಿ ಕಟ್ಟಲು ಶುರುವಾಗುವ ಉಷ್ಣಾಂಶ. 18 ಡಿಗ್ರಿ, ಶೇ 60 ಇದ್ದರೆ 10. ಅಲ್ಲಿಗೆ ತಲುಪಿದ ಮೇಲೆ ನೀರಾವಿ ಹನಿಯಾಗುತ್ತ ಶಾಖ ಬಿಡುವುದರಿಂದ ಇಳಿಕೆ ನಿಧಾನವಾಗುತ್ತದೆ. ಒಣ ರಾತ್ರಿಯಲ್ಲಿ ಈ ತಡೆ ಬಹಳ ಕೆಳಗಿರುತ್ತದೆ. ಅಪಾಯ ಇರುವುದು ಅಂಥ ರಾತ್ರಿಗಳಲ್ಲೇ. ತೇವಾಂಶ ಶೇ 40ರಷ್ಟಿದ್ದರೆ ಈ ಸೂತ್ರ ಸುಮಾರು 2 ಡಿಗ್ರಿ ಹೆಚ್ಚು ತೋರಿಸುತ್ತದೆ ಎಂಬುದೂ ನೆನಪಿರಲಿ.

ಮೋಡವಿಲ್ಲದ, ಗಾಳಿ ನಿಂತ ಇಪ್ಪತ್ತೈದು ರಾತ್ರಿಗಳ 8 ಗಂಟೆಯ ಉಷ್ಣಾಂಶ, ಇಬ್ಬನಿ ಬಿಂದು, ಬೆಳಗಿನ ಕನಿಷ್ಠ, ಈ ಮೂರನ್ನೂ ಎಕ್ಸೆಲ್‌ಗೆ ಹಾಕಿ, ಮೊದಲೆರಡರಿಂದ ಕನಿಷ್ಠವನ್ನು ಅಂದಾಜಿಸುವ ಸೂತ್ರ ಹುಡುಕಿಕೊಡುವ ಲಿನೆಸ್ಟ್ (LINEST) ಫಂಕ್ಷನ್ ಓಡಿಸಿ. ಬರುವ ಗುಣಾಂಕಗಳಿಂದ ಆ ಸಂಜೆಯ ಉಷ್ಣಾಂಶ, ಇಬ್ಬನಿ ಬಿಂದುಗಳನ್ನು ಗುಣಿಸಿ, ಜೊತೆಗೆ ಬರುವ ಸ್ಥಿರ ಸಂಖ್ಯೆ ಕೂಡಿಸಿದರೆ ಬೆಳಗಿನ ಕನಿಷ್ಠದ ಅಂದಾಜು ಸಿಗುತ್ತದೆ. ಅವು ನಿಮ್ಮ ತೋಟಕ್ಕಷ್ಟೇ, ಪಕ್ಕದವರಿಗೆ ಕೊಡಬೇಡಿ. ಮೋಡದ ರಾತ್ರಿಗಳನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ. ನಡುರಾತ್ರಿ ಮೋಡ ಕವಿದರೆ, ಅಥವಾ ಗಾಳಿ ಎದ್ದು ಮೇಲಿನ ಬೆಚ್ಚನೆಯ ಪದರ ಕೆಳಗೆ ಬೆರೆತರೆ, ಅಂದಾಜಿಗಿಂತ ಬೆಚ್ಚಗೇ ಉಳಿಯುತ್ತದೆ.

ಪ್ರಶ್ನೆ: ಚಳಿ ಬರುವುದು ಗೊತ್ತಾದ ಮೇಲೆ ಹೊಗೆ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ: ಹೊಗೆಯಿಂದ ಇಲ್ಲ. ನೆಲದಿಂದ ಹೊರಡುವ ಶಾಖದ ಕಿರಣಗಳನ್ನು ಅದು ಹೆಚ್ಚೇನೂ ತಡೆಯದು. ಅಲ್ಪಸ್ವಲ್ಪ ಲಾಭ ಬೆಂಕಿಯ ಕಾವಿನದು. ಅದಕ್ಕಿಂತ ಒಂದೆರಡು ದಿನ ಮೊದಲೇ ಮೇಲಿನ ಒಂದಡಿ ಮಣ್ಣು ನೆನೆಯುವಂತೆ ನೀರು ಕೊಡಿ. ಹಸಿ ಮಣ್ಣು ಹಗಲಿನ ಶಾಖ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಡ್ರಿಪ್ಪಿನಲ್ಲಿ ನೆನೆಯುವುದು ಸಾಲಿನ ಪಟ್ಟಿ ಮಾತ್ರವಾದ್ದರಿಂದ ಫಲವೂ ಅಷ್ಟೇ ಕಡಿಮೆ.