ಎಲ್ಲರೂ ದನಿ ತೆಗೆದರೆ ಸಂಗೀತವೇ?

ಚಿಂತಾಮಣಿಯ ಓದುಗರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ಅಮೆರಿಕದ ಸಂಗೀತ ಸಂಯೋಜಕಿ ಪಾಲೀನ್ ಒಲಿವೆರೋಸ್ ಬಗ್ಗೆ ಓದಿದೆ. ಶ್ರುತಿ, ತಾಳ ಗೊತ್ತಿಲ್ಲದವರನ್ನೆಲ್ಲ ಕೂರಿಸಿ ದನಿ ತೆಗೆಸಿದರೆ ಅದು ಸಂಗೀತವೇ? ನಮ್ಮಲ್ಲೂ ಸಂತಕವಿ ಕೈವಾರ ತಾತಯ್ಯನವರ ಪದಗಳನ್ನು ಎಲ್ಲರೂ ಸೇರಿ ಹಾಡುತ್ತೇವೆ. ಇದರಲ್ಲಿ ಹೊಸದೇನು?”

ಸಂಪಾದಕರ ಉತ್ತರ:

ಭಜನೆಯಲ್ಲಿ ಎಲ್ಲರೂ ಹಾಡುತ್ತಾರೆ, ನಿಜ. ಆದರೆ ಅಲ್ಲಿ ಪದ ಮೊದಲೇ ಇದೆ, ಧಾಟಿ ಇದೆ, ಹೇಳಿಕೊಡುವವರು ಇದ್ದಾರೆ. ಅಪಸ್ವರ ಬಂದರೆ ಪಕ್ಕದವರು ತಿರುಗಿ ನೋಡುತ್ತಾರೆ! ಒಲಿವೆರೋಸ್ (1932–2016) ಇದೆಲ್ಲವನ್ನೂ ಬಿಟ್ಟರು. ಅವರು ಅಕಾರ್ಡಿಯನ್ ನುಡಿಸುತ್ತಿದ್ದವರು. 1970ರ ದಶಕದ ಶುರುವಿನಲ್ಲಿ ಸ್ವರಲಿಪಿಯ ಬದಲು ಬರೀ ಸೂಚನೆಗಳನ್ನು ಬರೆದರು. ಒಂದು ಹೀಗಿದೆ: ಉಸಿರು ಬಿಡುವಾಗ ನಿಮಗೆ ತೋಚಿದ ಸ್ವರ ಹಿಡಿಯಿರಿ. ಮುಂದಿನ ಉಸಿರಿಗೆ ಬೇರೆ ಯಾರದೋ ಸ್ವರಕ್ಕೆ ದನಿ ಸೇರಿಸಿ. ಆಮೇಲೆ ಯಾರೂ ಹಾಡದ ಸ್ವರ ಕೊಡಿ.

ಓದಿದರೆ ಮಕ್ಕಳಾಟ. ಮಾಡಲು ಕೂತರೆ ಎರಡನೇ ಉಸಿರಿಗೇ ಸುತ್ತಲಿನವರಿಗೆ ಕಿವಿಗೊಡಬೇಕು, ಮೂರನೆಯದಕ್ಕೆ ಇನ್ನೂ ಜಾಸ್ತಿ. ಗಟ್ಟಿ ಗಂಟಲಿನವರು ಒಬ್ಬರೇ ಮೆರೆಯಲು ಆಗುವುದಿಲ್ಲ. ಆ ನಿಯಮ ಕಟ್ಟಿದ್ದರಲ್ಲೇ ಅವರ ಜಾಣತನ ಇರುವುದು. ಸುಮ್ನೆ ಕೂಗಿಸುವುದಾಗಿದ್ದರೆ ನಾವೂ ಲೇಖನ ಹಾಕುತ್ತಿರಲಿಲ್ಲ.

1988ರಲ್ಲಿ ಅವರು ಇಬ್ಬರು ಜೊತೆಗಾರರೊಂದಿಗೆ ವಾಷಿಂಗ್ಟನ್ ರಾಜ್ಯದ ಒಂದು ಹಳೆಯ ನೀರಿನ ತೊಟ್ಟಿಗೆ ಇಳಿದು ನುಡಿಸಿದರು. ನೆಲದಡಿ 14 ಅಡಿ. ಒಂದು ಸದ್ದು ಆರಲು ಸುಮಾರು 45 ಸೆಕೆಂಡು ಬೇಕು. ಬಿಟ್ಟ ಸ್ವರ ಅಷ್ಟು ಹೊತ್ತು ಅಲ್ಲೇ ಸುತ್ತುತ್ತಿದ್ದರೆ ಮುಂದಿನದನ್ನು ಯೋಚಿಸಿಯೇ ನುಡಿಸಬೇಕು, ಅಲ್ವಾ?

ನನಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ನೀವು ಅದನ್ನು ಕೇಳಲಿಲ್ಲ. “ಎಲ್ಲರೂ ಬನ್ನಿ, ಎಲ್ಲರೂ ಬಾರಿಸಿ” ಅನ್ನುವುದು ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಷ್ಟು ಸಲೀಸೇ? ತಮಟೆಯನ್ನೇ ತಗೊಳ್ಳಿ. ಬೆಂಕಿಗೆ ಕಾಯಿಸಿ ಹದ ಮಾಡುವ ಆ ಚರ್ಮವಾದ್ಯ ಜಾತ್ರೆಗೂ ಬೇಕು, ಸಾವಿಗೂ ಬೇಕು. ಬಾರಿಸುವ ಕೆಲಸವನ್ನು ಮಾತ್ರ ದಲಿತರ ಮೇಲೆ ಹೇರಲಾಗಿತ್ತು. ಉಳಿದವರು ಅದರ ಪೆಟ್ಟಿಗೆ ಕುಣಿದರು, ಮುಟ್ಟಲಿಲ್ಲ. ನಿಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಬಹಳ ಸಂತೋಷ. ಆದರೆ ಊರೊಳಗೆ ಇವತ್ತಿಗೂ ಅದನ್ನು ಹೆಗಲಿಗೆ ಹಾಕಿಕೊಳ್ಳಲು ಹಿಂಜರಿಯುವವರು ಯಾರು ಅಂತ ನಿಮಗೂ ಗೊತ್ತು.

ಹಾಗಾಗಿ ನಾಳೆ ಯಾರಾದರೂ ಪ್ರಯೋಗದ ಕಲಾವಿದರು ನಿಮ್ಮೂರಿಗೆ ಬಂದು ಎಲ್ಲರ ಕೈಗೂ ತಮಟೆ ಕೊಟ್ಟರೆ, ತಾಳ ತಪ್ಪಿತೋ ಇಲ್ಲವೋ ಅಂತ ನಾನು ನೋಡುವುದಿಲ್ಲ. ಯಾರ್ಯಾರು ಅದನ್ನು ಮೊದಲ ಸಲ ಮುಟ್ಟಿದರು, ಕಲಿಸಿಕೊಟ್ಟವರಿಗೆ ಸಂಭಾವನೆ ಎಷ್ಟು, ರೆಕಾರ್ಡಿಂಗ್ ಮೇಲೆ ಯಾರ ಹೆಸರು ಬಂತು ಎಂದು ವಿಚಾರಿಸುತ್ತೇನೆ.